ಸ್ವಂತಕ್ಕೆ ಮಾತ್ರ

"ಇದನ್ನ ಬಿಡೋಕಾಗಲ್ಲ," ಎಂದು ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ ಮುಂದಿದ್ದವನ ಔಷಧಿ ಬಾಟಲಿಯನ್ನು ಬುಟ್ಟಿಗೆ ಎಸೆದ.

"ಸಾರ್, ಅದು ಅಪ್ಪನಿಗೆ. ಅಲ್ಲಿ ಕಾಯ್ತಾ ಇದ್ದಾರೆ."

"ಅಪ್ಪನೇ ಬಂದಿದ್ದರೆ ತಗೊಂಡು ಹೋಗಬಹುದಿತ್ತು. ಔಷಧಿ ಸ್ವಂತಕ್ಕೆ ಮಾತ್ರ. ನಡೀರಿ ಮುಂದೆ."

ಬೆಲ್ಟನ್ನು ಕೈಯಲ್ಲೇ ಹಿಡಿದುಕೊಂಡು ಅವನು ಹೊರಟುಹೋದ. ಮುಂದಿನ ಸರದಿ ಬ್ರೇಕ್ ಮೇಡಂದು.

ಅರ್ಧ ಊರಿಗೆ ಕಾರು ಕಲಿಸಿದವಳು ಅವಳು. ಪಕ್ಕದ ಸೀಟಿನಲ್ಲಿ ಕೂತು, ಕಾಲ ಬುಡದಲ್ಲಿ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು, ಗೋಡೆಗೆ ನುಗ್ಗುವವರನ್ನು ಕೊನೆ ಗಳಿಗೆಯಲ್ಲಿ ನಿಲ್ಲಿಸುವುದು ಅವಳ ಕೆಲಸ. ಹೆಸರು ಹಾಗೆ ಅಂಟಿಕೊಂಡಿತ್ತು. ಎದುರಿಂದ ಲಾರಿ ಬಂದರೂ ದನಿ ಏರಿಸದ ಹೆಂಗಸು. ಈಗ ಮಾತ್ರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಅಧಿಕಾರಿ ಅವಳ ನೀಲಿ ಚೀಲದ ಜಿಪ್ ಎಳೆದ. ಒಳಗೆ ತಣ್ಣಗಿನ ಜೆಲ್ ಪ್ಯಾಕುಗಳು, ಅವುಗಳ ನಡುವೆ ಸಾಲಾಗಿ ಇನ್ಸುಲಿನ್ ಪೆನ್ನುಗಳು, ಸೂಜಿಗಳ ಡಬ್ಬಿ.

"ಏನ್ ಮೇಡಂ, ಔಷಧಿ ಅಂಗಡಿ ಇಡೋಕೆ ಹೊರಟಿದ್ದೀರಾ?"

"ಇನ್ಸುಲಿನ್. ಇದಿಲ್ಲದಿದ್ದರೆ ಜೀವ ಉಳಿಯಲ್ಲ."

"ಇಷ್ಟೊಂದು?"

"ನಿಮ್ಮ ವಿಮಾನಗಳು ಹೊತ್ತಿಗೆ ಸರಿಯಾಗಿ ಹಾರುತ್ತವೆ ಅಂತ ಬರೆದುಕೊಡಿ, ಅರ್ಧ ಇಲ್ಲೇ ಬಿಟ್ಟು ಹೋಗ್ತೀನಿ."

ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಅಧಿಕಾರಿಗೆ ಅದು ಹಿಡಿಸಲಿಲ್ಲ.

"ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳಿಸಬೇಕಿತ್ತು."

"ವಿಮಾನದ ಕೆಳಗೆ ಸೂಟ್‌ಕೇಸ್ ಇಡೋ ಕಡೆಯ ಚಳಿಗೆ ಇದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರಲ್ಲ. ಕೈಯಲ್ಲೇ ಒಯ್ಯಿ ಅಂತ ಡಾಕ್ಟರು ಹೇಳಿದ್ದಾರೆ."

"ಇಂಥ ಕಾಯಿಲೆ ಇಟ್ಕೊಂಡು ಒಬ್ಬರೇ ಯಾಕೆ ಓಡಾಡಬೇಕು? ಮನೇಲಿರಬಾರದಾ?"

ಬ್ರೇಕ್ ಮೇಡಂ ಅವನನ್ನು ನೆಟ್ಟಗೆ ನೋಡಿದಳು. "ಕಾಯಿಲೆ ಇದ್ದವರು ಊರು ಬಿಡಬಾರದು ಅಂತ ಯಾವ ಬೋರ್ಡಿನಲ್ಲಿ ಬರೆದಿದೆ? ತೋರಿಸಿ, ನಾನೇ ವಾಪಸ್ ಹೋಗ್ತೀನಿ."

ಮಾತು ಏರುವುದನ್ನು ಕಂಡು ಹಿರಿಯ ಅಧಿಕಾರಿ ಬಂದ. ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದು ಪೆನ್ನನ್ನು ತಿರುಗಿಸಿ ನೋಡಿದ.

"ಇದೆಲ್ಲ ನಿಮಗೇನಾ?"

"ನನ್ನ ಜೊತೆ ಇಲ್ಲಿ ಇನ್ಯಾರಾದರೂ ಕಾಣಿಸ್ತಾ ಇದ್ದಾರಾ?"

"ಎಷ್ಟು ವರ್ಷದಿಂದ?"

"ಶಾಲೆಗೆ ಹೋಗೋವಾಗ ಸೂಜಿ ಚುಚ್ಚೋಕೆ ಕಲಿತೆ. ಇನ್ನೂ ನಿಲ್ಲಿಸಿಲ್ಲ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. "ಹಾಗಾದರೆ ಕಷ್ಟವೇನಿಲ್ಲ. ನಮ್ಮ ಕಣ್ಣೆದುರಿಗೆ ಒಂದು ಸಲ ತಗೊಳ್ಳಿ. ಚೀಲ ನಿಮ್ಮದು, ದಾರಿ ನಿಮ್ಮದು. ಇಲ್ಲದಿದ್ದರೆ ಬುಟ್ಟಿ ಇಲ್ಲೇ ಇದೆ."

ಪಕ್ಕದಲ್ಲಿದ್ದ ಮಹಿಳಾ ಸಿಬ್ಬಂದಿ ಮುಖ ತಗ್ಗಿಸಿದಳು. ಅವಮಾನಕ್ಕೋ ಸಿಟ್ಟಿಗೋ ಬ್ರೇಕ್ ಮೇಡಂ ಕಿವಿ ಕೆಂಪಾಯಿತು. ಒಂದು ಮಾತು ಹೇಳಿ ತಿರುಗಿ ಹೋಗಿಬಿಡಬಹುದಿತ್ತು. ಅವಳು ಕುರ್ಚಿ ಎಳೆದು ಕೂತಳು.

ಸೂಜಿ ಸಿಕ್ಕಿಸಿದಳು. ಪ್ರಮಾಣ ಗೊತ್ತುಮಾಡಲು ಪೆನ್ನಿನ ತುದಿಯನ್ನು ತಿರುಗಿಸಿದಳು. ಟಿಕ್, ಟಿಕ್ ಎಂದಿತು. ಬಲುಬೇಗ ನಿಲ್ಲಿಸಿದಳು.

"ಅಷ್ಟೇನಾ? ನಮ್ಮ ಮಾವ ಇದರ ನಾಲ್ಕು ಪಟ್ಟು ತಗೋತಾರೆ," ಎಂದ ಹಿರಿಯ ಅಧಿಕಾರಿ.

"ನಿಮ್ಮ ಮಾವನವರ ಊಟ ಗಟ್ಟಿಯಿರಬೇಕು." ಹೀಗೆಂದರೂ ಅವಳು ಇನ್ನೂ ಎರಡು ಸಲ ಟಿಕ್ ಎನ್ನಿಸಿದಳು. ಅವನ ಮುಖದಿಂದ ಕಣ್ಣು ಕೀಳದೆ, ಹೊಟ್ಟೆಯ ಬಳಿ ಬಟ್ಟೆಯನ್ನು ಒಂದಿಷ್ಟೇ ಸರಿಸಿದಳು. ಪೆನ್ನನ್ನು ಹಿಡಿದ ರೀತಿ ಯಾಕೋ ಸರಿಹೋಗಲಿಲ್ಲ. ಮಣಿಕಟ್ಟು ತಿರುಗಿಸಿ ಮತ್ತೆ ಹಿಡಿದಳು. ಚುಚ್ಚಿದಳು. ಒತ್ತಿದಳು.

"ಸಮಾಧಾನ ಆಯ್ತಾ? ಈಗ ಬೇಗ ಬಿಡಿ. ನಾನು ಏನಾದರೂ ತಿನ್ನಬೇಕು."

ಹಿರಿಯ ಅಧಿಕಾರಿ ತಾನೇ ಜಿಪ್ ಎಳೆದು ಚೀಲವನ್ನು ಅವಳ ಕೈಗಿತ್ತ. "ಏನೂ ತಿಳ್ಕೋಬೇಡಿ ಮೇಡಂ," ಎಂದ. ಅವಳು ಮೊದಲು ಕಂಡ ಅಂಗಡಿಗೆ ನುಗ್ಗಿ, ದುಡ್ಡು ಕೊಡುವ ಮೊದಲೇ ಹಣ್ಣಿನ ರಸದ ಡಬ್ಬಿಯನ್ನು ಬಾಯಿಗೆ ಹಚ್ಚಿದಳು.

ವಿಮಾನ ಮೇಲೇರುವಾಗ ಅವಳ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು, ಕಣ್ಣಿಗೆ ಮಬ್ಬು. ಬಲಗಾಲು ಇಲ್ಲದ ಬ್ರೇಕನ್ನು ಅದುಮಿ ಹಿಡಿಯಿತು. ತಂದಿದ್ದ ಬಿಸ್ಕತ್ತುಗಳೆಲ್ಲ ಮುಗಿದವು. ಗಗನಸಖಿಯನ್ನು ಕರೆದು ಸಕ್ಕರೆ ಪೊಟ್ಟಣಗಳನ್ನು ತರಿಸಿಕೊಂಡು, ಒಂದೊಂದಾಗಿ ಹರಿದು ನಾಲಿಗೆಗೆ ಸುರಿದುಕೊಂಡಳು.

ತೊಡೆಯ ಮೇಲಿನ ಚೀಲವನ್ನು ನೋಡಿದ ಗಗನಸಖಿ ಬಗ್ಗಿ ಮೆಲ್ಲಗೆ ಕೇಳಿದಳು. "ಮೇಡಂ, ನಿಮಗೆ ಶುಗರ್ ಇದೆಯಾ?"

"ಇಲ್ಲಮ್ಮ. ಅದಕ್ಕೇ ಇನ್ನೆರಡು ಪೊಟ್ಟಣ ಕೇಳ್ತಿರೋದು."

ಗಗನಸಖಿ ನಕ್ಕು ಕೈತುಂಬ ತಂದುಕೊಟ್ಟಳು. ಪಕ್ಕದ ಸೀಟಿನವನು, ಇಂಥವರನ್ನೆಲ್ಲ ಯಾಕೆ ಹತ್ತಿಸಿಕೊಳ್ಳುತ್ತಾರೋ ಎಂದು ಗೊಣಗಿ ಕಿಟಕಿಯ ಕಡೆ ತಿರುಗಿದ. "ಟಿಕೆಟ್ ತಗೊಂಡಿದ್ದೀನಿ ಸ್ವಾಮಿ, ಅದಕ್ಕೆ," ಎಂದಳು ಬ್ರೇಕ್ ಮೇಡಂ. ನಡುಕ ನಿಧಾನವಾಗಿ ಇಳಿಯಿತು. ಆದರೂ ವಿಮಾನ ಇಳಿಯುವವರೆಗೆ ಅವಳು ಕಣ್ಣು ಮುಚ್ಚಲಿಲ್ಲ. ಚೀಲದ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡೇ ಕೂತಿದ್ದಳು.

ಹೊರಬಾಗಿಲಿನಾಚೆ, ಕಂಬಕ್ಕೆ ಒರಗಿ ಕೂತಿದ್ದ ಹೆಣ್ಣುಮಗಳೊಬ್ಬಳು ತಲೆಯೆತ್ತಿದಳು. ತುಟಿ ಒಣಗಿತ್ತು. ಉಸಿರು ದೊಡ್ಡದಾಗಿ ಬರುತ್ತಿತ್ತು.

"ಅಕ್ಕ, ಬಿಟ್ಟರಾ?"

"ಬಿಡದೆ ಏನು ಮಾಡ್ತಾರೆ? ತೋಳು ಕೊಡು."

ಆ ಊರಿನ ಯಾವ ಅಂಗಡಿಯಲ್ಲೂ ವಾರಗಳಿಂದ ಇನ್ಸುಲಿನ್ ಇರಲಿಲ್ಲ. ತಂಗಿಗೆ ಚುಚ್ಚುವಾಗ ಅಕ್ಕನ ಕೈ ಚೂರೂ ತಡವರಿಸಲಿಲ್ಲ; ಸಣ್ಣವಳಿದ್ದಾಗಿನಿಂದ ಅವಳು ಚುಚ್ಚುತ್ತ ಬಂದದ್ದು ಈ ತೋಳಿಗೇ. ತನ್ನ ಮೈಗೆ, ಕಾಯಿಲೆಯೇ ಇಲ್ಲದ ಮೈಗೆ, ಚುಚ್ಚಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ.