ಕೋಟೆಯೊಳಗಿನ ಜಗಲಿ

ಐತಿಹಾಸಿಕ ನಗರವೊಂದನ್ನು ನೋಡಲು ಹೋಗಿ, ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ತಂಗಿ ಹಿಂದಿರುಗುವ ನಿಮಗೆ ಸ್ವಲ್ಪವೂ ಸಂಕೋಚವಾಗುವುದಿಲ್ಲವೇ? ಊರನ್ನು ಅರಿಯಬೇಕಾದರೆ ಊರಿನವರ ನಡುವೆ ಇರಬೇಕೆಂಬುದು ನನ್ನ ಸಿದ್ಧಾಂತ. ಆದ್ದರಿಂದಲೇ ಹೆಂಡತಿಯ ವಿರೋಧವನ್ನು ಲೆಕ್ಕಿಸದೆ, ಕೋಟೆಯೊಳಗಿನ ಹಳೆಯ ಬೀದಿಯಲ್ಲಿ ಜಗಲಿಯಿರುವ ಮನೆಯೊಂದನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದೆ. ಅಲ್ಲಿ ಬಚ್ಚಲು ಹಿತ್ತಲಿನಲ್ಲಿತ್ತು, ಬಿಸಿನೀರು ಇರಲಿಲ್ಲ.

“ಸಂಜೆಯೊಳಗೆ ಈ ಊರಿನವರೊಬ್ಬರನ್ನಾದರೂ ತೋರಿಸಿ,” ಎಂದಳು ಅವಳು. “ಇಲ್ಲವಾದರೆ ನಾನು ಲಾಡ್ಜಿಗೆ ಹೊರಟೆ. ನಿಮ್ಮ ಸಿದ್ಧಾಂತ ಇಲ್ಲೇ ತಣ್ಣೀರು ಸ್ನಾನ ಮಾಡಿಕೊಂಡಿರಲಿ.”

ನಾನು ಪಂಚೆಯುಟ್ಟು ಜಗಲಿಗೆ ಬಂದೆ. ಎದುರುಮನೆಯ ಜಗಲಿಯಲ್ಲಿ, ಪಂಚೆಯುಟ್ಟ ಹಿರಿಯರೊಬ್ಬರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಹೆಂಡತಿಗೂ ಕೇಳಿಸಲೆಂದು ದನಿಯೆತ್ತಿ ಮಾತನಾಡಿಸಿದೆ.

“ತಾವು ಎಷ್ಟು ತಲೆಮಾರಿನಿಂದ ಇಲ್ಲಿದ್ದೀರಿ, ಸ್ವಾಮಿ?”

“ಅದನ್ನು ತಮ್ಮನ್ನೇ ಕೇಳೋಣವೆಂದು ಬೆಳಗಿನಿಂದ ಕಾದು ಕುಳಿತಿದ್ದೇನೆ,” ಎಂದರು ಅವರು. “ನಾವು ನಿನ್ನೆ ದಾವಣಗೆರೆಯಿಂದ ಬಂದವರು. ಈ ಬೀದಿಯ ಮನೆಗಳೆಲ್ಲ ನಮ್ಮಂಥ ಪ್ರವಾಸಿಗಳಿಗೇ ಬಾಡಿಗೆಗಂತೆ. ಊರಿನವರು ಬಸ್ ನಿಲ್ದಾಣದ ಹಿಂದಿನ ಬಡಾವಣೆಗೆ ಹೋಗಿಬಿಟ್ಟಿದ್ದಾರಂತೆ.”

ಒಳಗೆ ಚೀಲದ ಜಿಪ್ ಎಳೆದ ಸದ್ದಾಯಿತು.

ಓದುಗರೇ, ನಿಮ್ಮಲ್ಲಿ ಯಾರಾದರೂ ಆ ಕೋಟೆಯೊಳಗೆ ಹುಟ್ಟಿ ಬೆಳೆದವರಿದ್ದರೆ, ದಯವಿಟ್ಟು ಸಂಜೆಯೊಳಗೆ ಬಂದು, ಸ್ವಲ್ಪ ಹೊತ್ತು ನಮ್ಮ ಜಗಲಿಯಲ್ಲಿ ಕುಳಿತು ಹೋಗಿ.