ಈ ವಯಸ್ಸಲ್ಲಿ

ನಲವತ್ತು ಕಿಲೋ ತೂಕ ಇಳಿಸಿದ ಮೇಲೆ ನಳಿನಾಕ್ಷಿಯ ಎದೆ ಜೋತುಬಿದ್ದಿತ್ತು. ಚರ್ಮದ ಮಡಿಕೆಯಡಿ ಗುಳ್ಳೆಯೆದ್ದು ಉರಿಯುತ್ತಿತ್ತು. ಕೊನೆಗೆ ಆಪರೇಷನ್ ಮಾಡಿಸಿಕೊಂಡು, ಎದೆಗೆ ಬಿಗಿಯಾದ ಪಟ್ಟಿ ಸುತ್ತಿಸಿಕೊಂಡು ಮನೆಗೆ ಬಂದಳು. ಕೈ ಎತ್ತುವಂತಿರಲಿಲ್ಲ, ಅತ್ತೆಯೇ ಗಂಜಿ ಕುಡಿಸುತ್ತಿದ್ದರು.

ನೋಡಲು ಬಂದ ಓರಗಿತ್ತಿ ಪ್ರಮೀಳಾ ಕೂರುವ ಮೊದಲೇ ಶುರುಮಾಡಿದಳು.

"ಮಗಳಿಗೆ ಗಂಡು ಹುಡುಕೋ ಹೊತ್ತಲ್ಲಿ ಇದೆಲ್ಲ ಬೇಕಿತ್ತಾ ಅಕ್ಕ? ಯಾರಿಗೆ ತೋರಿಸೋಕೆ? ಸಿನಿಮಾ ಸೇರ್ತೀರಾ?"

ನಳಿನಾಕ್ಷಿ ಮುಖವನ್ನು ಗೋಡೆಯತ್ತ ತಿರುಗಿಸಿದಳು.

"ಕೇಳಿದೋರು ನಗ್ತಾರೆ. ಅತ್ತೆ, ಡಾಕ್ಟರ ಹತ್ರ ನೀವೂ ಜೊತೆಗೆ ಹೋಗಿದ್ರಂತೆ. ಒಂದು ಮಾತು ಆಡಬಾರದಿತ್ತಾ?"

ಅತ್ತೆ ನಳಿನಾಕ್ಷಿಯ ಬಾಯೊರೆಸಿದರು.

"ಆಡದೇ ಇರ್ತೀನಾ? ನನಗೂ ಮಾಡಿ ಅಂದೆ. ಶುಗರ್ ಜಾಸ್ತಿ ಇದೆ, ಆಗಲ್ಲ ಅಂದುಬಿಟ್ರು ಕಣೇ."