ಹಳೆಯ ಆವೃತ್ತಿ

"ಫೋನು ಕೊಡಿ ಇಲ್ಲಿ." ಗ್ರಂಥಪಾಲ ಕೈ ಚಾಚಿದ. ಕಪಾಟುಗಳ ಸಂದಿಯಲ್ಲಿ ನೆಲಕ್ಕೆ ಕುಳಿತಿದ್ದ ಹುಡುಗಿ ಓದು ನಿಲ್ಲಿಸಲಿಲ್ಲ.

"ಬಾಗಿಲು ತೆರೆದೇ ಇತ್ತು. ಪೂರ್ಣವಿರಾಮ. ಬರ್ಕೊಂಡ್ರಾ?" ಎಂದು ಫೋನಿಗೆ ಪಿಸುಗುಟ್ಟಿದಳು. ಓದಿ ಓದಿ ದನಿ ಒಡೆದಿತ್ತು.

ಬೆಳಿಗ್ಗೆ ಇದೇ ಹುಡುಗಿ ಇಡೀ ಕಾದಂಬರಿಯ ಜೆರಾಕ್ಸ್ ಕೇಳಿದ್ದಳು. ಆಗಲ್ಲ ಎಂದಿದ್ದ. ಫೋಟೊ ತೆಗೆಯಹೋದಾಗ ಗದರಿದ್ದ. ಈಗ ಬಾಯಲ್ಲೇ ನಕಲು ಮಾಡುತ್ತಿದ್ದಾಳೆ. ಆ ಕಡೆ ಯಾವನೋ ಕುಳಿತು ಬರೆದುಕೊಳ್ಳುತ್ತಿದ್ದಾನೆ. ನಾಳೆ ರಸ್ತೆ ಬದಿಯಲ್ಲಿ ಕಳ್ಳ ಮುದ್ರಣ ರಾಶಿ ಬೀಳುತ್ತದೆ.

ಈ ಕಾದಂಬರಿಯ ಹಕ್ಕು ಕೊಂಡಿದ್ದ ಪ್ರಕಾಶಕರು ಹಳೆಯ ಆವೃತ್ತಿಯನ್ನು ಎಲ್ಲೆಡೆಯಿಂದ ವಾಪಸು ತರಿಸಿ ರದ್ದಿಗೆ ಹಾಕುತ್ತಿದ್ದರು. ಉಳಿದಿದ್ದದ್ದು ಇದೊಂದೇ ಪ್ರತಿ. ಅದನ್ನು ಒಯ್ಯಲು ಬಂದವನು ಕೆಳಗೆ ವ್ಯಾನಿನಲ್ಲಿ ಕಾಯುತ್ತಿದ್ದ. ನಕಲಾದದ್ದು ಅವನ ಕಿವಿಗೆ ಬಿದ್ದರೆ ಗ್ರಂಥಪಾಲನ ಕೆಲಸಕ್ಕೇ ಸಂಚಕಾರ.

"ಕೊನೇ ಅಧ್ಯಾಯ ಒಂದೇ ಉಳಿದಿರೋದು ಸರ್. ನಿಮ್ಮ ಕಾಲಿಗೆ ಬೀಳ್ತೀನಿ. ಅವರ ಹತ್ರ ಇದ್ದ ಪ್ರತೀನೂ ಪ್ರಕಾಶಕರು ಒಯ್ದುಬಿಟ್ರು."

"ಯಾರ ಹತ್ರ?"

"ಹೇಳೋ ಹಾಗಿಲ್ಲ. ಹೇಳಿದ್ರೆ ಅವರ ಮೇಲೆ ಕೇಸು ಬೀಳುತ್ತೆ."

"ಬೀಳ್ಲಿ. ಬರೆದವರ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲಮ್ಮ. ಪಾಪ, ಆಕೆ ವಯಸ್ಸಾದೋರು ಅನ್ನೋ ಕನಿಕರಾನಾದ್ರೂ ಬೇಡ್ವಾ?"

ಹುಡುಗಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಪುಟ ತಿರುವಿದಳು.

ಲೇಖಕಿಗೇ ತಿಳಿಸಿಬಿಡುವುದು ವಾಸಿ ಎನಿಸಿತು ಅವನಿಗೆ. ಹಿಂದೆ ಭಾಷಣಕ್ಕೆ ಕರೆದಾಗ ಉಳಿಸಿಕೊಂಡಿದ್ದ ನಂಬರಿತ್ತು. ಒತ್ತಿದ. ಬ್ಯುಸಿ. ಮತ್ತೆ ಒತ್ತಿದ. ಬ್ಯುಸಿ. ಕೆಳಗೆ ವ್ಯಾನಿನ ಹಾರ್ನ್ ಬಡಿದುಕೊಳ್ಳತೊಡಗಿತು.

ಹುಡುಗಿ ಈಗ ಒಂದೇ ಉಸಿರಿಗೆ, ವಿರಾಮಚಿಹ್ನೆಗಳನ್ನೂ ಬಿಟ್ಟು ಓದುತ್ತಿದ್ದಳು. ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವನು ಪುಸ್ತಕದ ಅಂಚು ಹಿಡಿದ. ಅವಳು ಬಿಡಲಿಲ್ಲ. ಪುಸ್ತಕವನ್ನು ಎದೆಗೆಳೆದುಕೊಂಡು ಬಗ್ಗಿ ಮುಂದಿನ ಸಾಲು ಓದಿದಳು. ಅವನ ಮನಸ್ಸು ಕರಗಿತು.

"ಹೋಗ್ಲಿ, ಒಂದು ಮಾತು ಕೇಳಿ. ಪ್ರಕಾಶಕರು ಹೊಸ ಆವೃತ್ತಿ ಕಳಿಸಿದ್ದಾರೆ. ಕಥೆ ಅದೇ. ಯಾರಿಗೂ ಕೋಪ ಬರದ ಹಾಗೆ ಅಲ್ಲಲ್ಲಿ ತಿದ್ದಿದ್ದಾರೆ, ಕೊನೆ ಬದಲಾಗಿದೆ, ಅಷ್ಟೇ. ಒಂದು ಪ್ರತಿ ಪುಕ್ಕಟೆ ಕೊಡ್ತೀನಿ. ಆಗುತ್ತೋ ಇಲ್ವೋ, ನಿಮ್ಮ ಬರ್ಕೊಳ್ಳೋ ಆಸಾಮೀನ ಕೇಳಿ."

ಹುಡುಗಿ ಸ್ಪೀಕರ್ ಒತ್ತಿ ಫೋನನ್ನು ಅವನತ್ತ ಹಿಡಿದಳು. ಆ ಕಡೆ ಪೆನ್ನಿನ ಪರಪರ ಸದ್ದು ನಿಂತಿತು. ವಯಸ್ಸಾದ ಹೆಂಗಸಿನ ದನಿ, ಏರಲಿಲ್ಲ, ಇಳಿಯಲಿಲ್ಲ.

"ಬೇಡಪ್ಪ. ಅದರಲ್ಲಿ ನಂದು ಅಂತ ಇರೋದು ನನ್ನ ಹೆಸರು ಮಾತ್ರ."